ಕೂತ ಹೊತ್ತಿನ ಲೆಕ್ಕ: ಯಾವ ವಯಸ್ಸಿನವರು ಯಾವಾಗ ಏಳಬೇಕು, ಎದ್ದು ಏನು ಮಾಡಬೇಕು

ಬೆಳಿಗ್ಗೆ 40 ನಿಮಿಷ ಪಾರ್ಕಿನಲ್ಲಿ ಬಿರುಸಾಗಿ ನಡೆದು ಬಂದವರು ಇವತ್ತಿನ ಮಟ್ಟಿಗೆ ದೇಹದ ಬಾಕಿ ಚುಕ್ತಾ ಆಯಿತು ಅಂದುಕೊಳ್ಳುತ್ತಾರೆ. ಆಮೇಲೆ ಕ್ಯಾಬಿನಲ್ಲಿ ಕೂತು, ಆಫೀಸಿನಲ್ಲಿ ಕೂತು, ಮನೆಗೆ ಬಂದು ಸೋಫಾದಲ್ಲಿ ಕೂತು ದಿನ ಮುಗಿಸುತ್ತಾರೆ. ವ್ಯಾಯಾಮದ ಖಾತೆ ಬೇರೆ, ಕೂರುವ ಖಾತೆ ಬೇರೆ. ಒಂದರಲ್ಲಿ ಜಮೆ ಇದ್ದ ಮಾತ್ರಕ್ಕೆ ಇನ್ನೊಂದರ ಸಾಲ ತಾನಾಗಿ ತೀರುವುದಿಲ್ಲ.

ಎಷ್ಟು ವ್ಯಾಯಾಮ ಮಾಡಿದರೆ ತೀರೀತು? 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಒಂದು ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರಿಗಿರುವ ಅಕಾಲ ಮರಣದ ಹೆಚ್ಚುವರಿ ಅಪಾಯ ಅಳಿಸಿಹೋಗಲು ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕಾಗುತ್ತದೆ ಎಂದು ಅದರಲ್ಲಿ ಕಂಡಿತು. ದಿನಕ್ಕೆ 5 ಗಂಟೆಗೂ ಹೆಚ್ಚು ಟಿವಿ ನೋಡುವವರಲ್ಲಿ ಅಷ್ಟು ಮಾಡಿದರೂ ಅಪಾಯ ತಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ. ದಿನಾ ಒಂದೂಕಾಲು ಗಂಟೆ ನಡೆಯಬಲ್ಲವರು ನಡೆಯಲಿ. ಉಳಿದವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಒಂದೇ ಸಮನೆ ಕೂರುವ ಹೊತ್ತನ್ನು ತುಂಡು ಮಾಡಬೇಕು. ಆ ತುಂಡು ಮಾಡುವ ಬಗೆ ವಯಸ್ಸಿಗೆ ತಕ್ಕಂತೆ ಬೇರೆ.

ಕೂತಾಗ ಒಳಗೆ ಏನಾಗುತ್ತದೆ

ಮೀನಖಂಡದ ಸ್ನಾಯುಗಳು ಕಾಲಿನ ಪಂಪು. ಹೆಜ್ಜೆ ಇಟ್ಟಾಗಲೆಲ್ಲ ಅವು ಹಿಂಡಿಕೊಂಡು ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ನೂಕುತ್ತವೆ. ಕೂತಾಗ ಪಂಪು ನಿಂತಿರುತ್ತದೆ, ರಕ್ತ ಕೆಳಗೆ ನಿಧಾನವಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಚಪ್ಪಲಿ ಸಂಜೆ ಬಿಗಿಯಾಗುವುದು, ಸಾಕ್ಸ್ ತೆಗೆದಾಗ ಹಿಮ್ಮಡಿಯ ಮೇಲೆ ಬಳೆಯಂಥ ಗುರುತು ಕಾಣುವುದು ಇದರಿಂದಲೇ. ಇದು ಅತಿಯಾದಾಗ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಆಸರೆ ನೆಲೆಗಳಲ್ಲಿ ರಾತ್ರಿಯಿಡೀ ಡೆಕ್ ಚೇರಿನಲ್ಲಿ ಕೂತೇ ಮಲಗಿದ್ದ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತದ್ದನ್ನು ವೈದ್ಯರು ಗುರುತಿಸಿದ್ದರು. ಕುರ್ಚಿಯ ಮುಂದಿನ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ಹಿಡಿದಿತ್ತು.

ಎರಡನೆಯದು ಸಕ್ಕರೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವು ಹೆಚ್ಚು ಕೇಳದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಸುಮ್ಮನಿರುವ ಸ್ನಾಯು ಎಳೆದುಕೊಳ್ಳುವುದು ಕಡಿಮೆ. ಮಧ್ಯಾಹ್ನ ಅನ್ನ ಸಾರು ಉಂಡು ನೇರವಾಗಿ ಕುರ್ಚಿಗೆ ಹೋದವರ ಸಕ್ಕರೆ ಹೆಚ್ಚು ಏರಿ ಹೆಚ್ಚು ಹೊತ್ತು ಮೇಲೆಯೇ ಇರುತ್ತದೆ. ರಕ್ತದ ಕೊಬ್ಬನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವೂ ದುಡಿಯದ ಕಾಲಿನ ಸ್ನಾಯುವಿನಲ್ಲಿ ಕುಗ್ಗುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಇದೆಲ್ಲ ಹೊಸ ಸಂಗತಿಯೂ ಅಲ್ಲ. 1953ರಲ್ಲೇ ಬ್ರಿಟನ್ನಿನ ವೈದ್ಯ ಜೆರೆಮಿ ಮಾರಿಸ್ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದ್ದರು. ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚಿತ್ತು.

ಮೊದಲ ಕೆಲಸ: ಎರಡು ದಿನದ ಚೀಟಿ

ಏನನ್ನೂ ಬದಲಿಸುವ ಮುಂಚೆ ಅಳೆಯಿರಿ. ಮೊಬೈಲಿನ ಹೆಜ್ಜೆ ಎಣಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಅದು ನಡೆದದ್ದನ್ನು ಎಣಿಸುತ್ತದೆ, ಕೂತದ್ದನ್ನಲ್ಲ. ಜೊತೆಗೆ ಮನೆಯೊಳಗೆ ಓಡಾಡುವಾಗ ಫೋನು ಟೇಬಲ್ಲಿನ ಮೇಲೇ ಇರುತ್ತದೆ.

1. ಒಂದು ಹಾಳೆಯಲ್ಲಿ ಎದ್ದ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಅರ್ಧ ಗಂಟೆಗೊಂದು ಚೌಕ ಹಾಕಿ. 16 ಗಂಟೆ ಎಚ್ಚರವಿರುವವರಿಗೆ 32 ಚೌಕ.
2. ಅರ್ಧ ಗಂಟೆಯ ಬಹುಪಾಲು ಕೂತು, ಒರಗಿ, ಅಥವಾ ಎಚ್ಚರವಿದ್ದು ಮಲಗಿ ಕಳೆದಿದ್ದರೆ ಚೌಕ ತುಂಬಿ. ನಿದ್ದೆ ಈ ಲೆಕ್ಕಕ್ಕಿಲ್ಲ.
3. ಮಧ್ಯೆ ಎದ್ದಿದ್ದರೆ ಆ ಚೌಕದ ಮೇಲೆ ಒಂದು ಚುಕ್ಕಿ.
4. ಒಂದು ಕೆಲಸದ ದಿನ, ಒಂದು ರಜಾ ದಿನ ಹೀಗೆ ಮಾಡಿ. ರಜಾ ದಿನದ ಚೀಟಿ ಕೆಲಸದ ದಿನದ್ದಕ್ಕಿಂತ ಕೆಟ್ಟದಾಗಿದ್ದರೆ ಆಶ್ಚರ್ಯಪಡಬೇಡಿ.

ಕೊನೆಗೆ ಎರಡು ಸಂಖ್ಯೆ ಬರೆದುಕೊಳ್ಳಿ: ಒಟ್ಟು ಕೂತ ಗಂಟೆ, ಮತ್ತು ಚುಕ್ಕಿಯಿಲ್ಲದೆ ಸಾಲಾಗಿ ತುಂಬಿದ ಚೌಕಗಳ ಅತಿ ಉದ್ದದ ಸಾಲು. ಎರಡನೆಯದನ್ನು ಮೊದಲು ಸರಿಪಡಿಸಬೇಕು, ಸರಿಪಡಿಸುವುದೂ ಸುಲಭ.

ಒಂದು ಉದಾಹರಣೆ. ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಕ್ಯಾಬಿನಲ್ಲಿ ಹೋಗಿಬರುವ ಒಬ್ಬರು: ಹೋಗಿಬರಲು ಮೂರು ಗಂಟೆ, ಮೇಜಿನ ಮುಂದೆ ಏಳೂವರೆ, ತಿಂಡಿ ಊಟಕ್ಕೆ ಒಂದು, ರಾತ್ರಿ ಫೋನು ಟಿವಿಗೆ ಎರಡು. ಒಟ್ಟು ಹದಿಮೂರೂವರೆ ಗಂಟೆ. ಇದರಲ್ಲಿ ಕ್ಯಾಬಿನ ಮೂರು ಗಂಟೆ ಅವರ ಕೈಯಲ್ಲಿಲ್ಲ. ಮೇಜಿನ ಏಳೂವರೆ ಗಂಟೆಯನ್ನು ತುಂಡರಿಸಬಹುದು, ರಾತ್ರಿಯ ಎರಡು ಗಂಟೆಯನ್ನು ಇಳಿಸಬಹುದು. ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಚೀಟಿಯ ಮೇಲೆ ಬಣ್ಣ ಹಚ್ಚಿ ಬೇರೆ ಮಾಡಿ. ಆಗದ್ದರ ಮೇಲೆ ಹಟ ಹಿಡಿದವರು ವಾರದೊಳಗೆ ಎಲ್ಲವನ್ನೂ ಕೈಬಿಡುತ್ತಾರೆ.

ಎಷ್ಟು ಹೊತ್ತಿಗೊಮ್ಮೆ ಏಳಬೇಕು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂರುವುದನ್ನು ಕಡಿಮೆ ಮಾಡಿ ಎನ್ನುತ್ತದೆಯೇ ಹೊರತು ಇಂತಿಷ್ಟು ನಿಮಿಷ ಎಂದು ಗೆರೆ ಎಳೆಯುವುದಿಲ್ಲ. ಪ್ರಯೋಗಗಳಿಂದ ಒಂದು ಅಂದಾಜು ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ನಡೆದ ಪ್ರಯೋಗದಲ್ಲಿ 20 ನಿಮಿಷಕ್ಕೊಮ್ಮೆ 2 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಇಳಿಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಬೇರೆ ಬೇರೆ ಲೆಕ್ಕ ಹೋಲಿಸಿದಾಗ 30 ನಿಮಿಷಕ್ಕೊಮ್ಮೆ 5 ನಿಮಿಷದ ನಡಿಗೆ ಸಕ್ಕರೆ, ರಕ್ತದೊತ್ತಡ ಎರಡಕ್ಕೂ ಒಳ್ಳೆಯದೆಂದು ಕಂಡಿತು. ಅದರಲ್ಲಿ ಇದ್ದವರು 11 ಜನ ಮಾತ್ರ, ಹಾಗಾಗಿ ಅದನ್ನು ಶಾಸನ ಮಾಡಿಕೊಳ್ಳಬೇಕಿಲ್ಲ.

ಆಚರಣೆಗೆ ತರಬಹುದಾದ ಲೆಕ್ಕ ಹೀಗಿದೆ. ಅರ್ಧ ಗಂಟೆಗೊಮ್ಮೆ 2 ನಿಮಿಷ. ಊಟದ ನಂತರ ಒಂದೇ ಬಾರಿ 10 ನಿಮಿಷ. ಎಂಟು ಗಂಟೆಯ ಕೆಲಸದಲ್ಲಿ 16 ಬಾರಿ ಎದ್ದರೆ 32 ನಿಮಿಷ. ನಿಮಿಷಕ್ಕೆ 80 ಹೆಜ್ಜೆಯಂತೆ ಹಿಡಿದರೂ ಎರಡೂವರೆ ಸಾವಿರ ಹೆಜ್ಜೆ, ಬೆವರು ಬಾರದೆ. ಅರ್ಧ ಗಂಟೆಗೆ ಆಗದಿದ್ದರೆ 45 ನಿಮಿಷಕ್ಕೆ. ಒಂದು ಗಂಟೆ ದಾಟಬೇಡಿ.

ಇನ್ನು ಮಧ್ಯಮ ಶ್ರಮ ಅಂದರೆ ಎಷ್ಟು? ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ದೊಡ್ಡವರಿಗೆ ಇದು ವಾರಕ್ಕೆ 150ರಿಂದ 300 ನಿಮಿಷ ಬೇಕು, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ 150 ನಿಮಿಷದ ಈ ಕನಿಷ್ಠ ಗೆರೆಯನ್ನೂ ಮುಟ್ಟುತ್ತಿಲ್ಲ.

ತೊಟ್ಟಿಲಿನಿಂದ ಅಂಗನವಾಡಿವರೆಗೆ

ಮಗು ಬೋರಲು ಬಿದ್ದರೆ ಮನೆಯಲ್ಲಿ ಸಿಹಿ ಹಂಚುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬೋರಲು ಮಲಗಿಸುವ ಅಭ್ಯಾಸ ಮಾತ್ರ ಕಡಿಮೆ. ಇನ್ನೂ ಅಂಬೆಗಾಲಿಡದ ಕೂಸನ್ನು ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲೇ ಕೂತು, ನೆಲದ ಮೇಲೆ ಚಾಪೆ ಹಾಸಿ ಬೋರಲು ಮಲಗಿಸಿ. ಒಂದು ಸಲಕ್ಕೆ ಮೂರು ನಿಮಿಷದಿಂದ ಶುರು ಮಾಡಿ, ಎಲ್ಲ ಸೇರಿ ದಿನಕ್ಕೆ 30 ನಿಮಿಷ ಆಗಬೇಕು. ಹಾಲು ಕುಡಿದ ಕೂಡಲೇ ಬೇಡ, ಕಕ್ಕುತ್ತದೆ. ಮೆತ್ತನೆಯ ಹಾಸಿಗೆಯೂ ಬೇಡ, ಮುಖ ಹೂತುಹೋಗುತ್ತದೆ. ನಿದ್ದೆಗೆ ಯಾವಾಗಲೂ ಅಂಗಾತವೇ.

ಚಕ್ರದ ವಾಕರ್ ಕೊಳ್ಳಬೇಡಿ. ಮಗು ಬೇಗ ನಡೆಯುತ್ತದೆ ಎಂದು ಉಡುಗೊರೆ ಕೊಡುವವರು ಇದ್ದಾರೆ. ಅದರಲ್ಲಿ ಮಗು ತೂಗುತ್ತ ತುದಿಗಾಲಿನಲ್ಲಿ ತಳ್ಳಿಕೊಂಡು ಹೋಗುತ್ತದೆ, ನಡಿಗೆಗೆ ಬೇಕಾದ ಸಮತೋಲ ಕಲಿಯುವುದಿಲ್ಲ. ಮೇಲಾಗಿ ಮೆಟ್ಟಿಲ ಬಳಿ, ಬಿಸಿ ಪಾತ್ರೆಯ ಬಳಿ ಕ್ಷಣದಲ್ಲಿ ತಲುಪುತ್ತದೆ. ಕೆನಡಾ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು.

ಐದು ವರ್ಷದೊಳಗಿನವರಿಗೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ: ಸ್ಟ್ರಾಲರಿನಲ್ಲೋ ಬೆಲ್ಟು ಹಾಕಿದ ಊಟದ ಕುರ್ಚಿಯಲ್ಲೋ ಬೆನ್ನಿಗೆ ಕಟ್ಟಿಕೊಂಡೋ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಮಗುವನ್ನು ಕಟ್ಟಿಡಬಾರದು. ಎರಡು ವರ್ಷ ತುಂಬುವವರೆಗೆ ಮೊಬೈಲು, ಟಿವಿ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ಹೆಚ್ಚೆಂದರೆ ಒಂದು ಗಂಟೆ. ಒಂದು ವರ್ಷ ದಾಟಿದ ಮೇಲೆ ದಿನಕ್ಕೆ 180 ನಿಮಿಷ ಓಡಾಟ ಇರಬೇಕು.

ನಿಜವಾದ ಜಗಳ ಇರುವುದು ಊಟದ ಹೊತ್ತಿನಲ್ಲಿ. ಮೊಬೈಲಿನಲ್ಲಿ ಹಾಡು ಹಾಕಿ ತುತ್ತು ತುರುಕಿದರೆ ಮಗು ಬಾಯಿ ತೆರೆಯುತ್ತದೆ ನಿಜ. ಆದರೆ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯುವುದಿಲ್ಲ, ಕೂತಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಇದನ್ನು ಒಂದೇ ದಿನಕ್ಕೆ ನಿಲ್ಲಿಸಲು ಹೋದರೆ ಅಜ್ಜಿ ಮೊದಲು ಸೋಲುತ್ತಾರೆ. ಮೊದಲ ನಾಲ್ಕು ದಿನ ರಾತ್ರಿ ಊಟಕ್ಕೆ ಮಾತ್ರ ಫೋನು ಬೇಡ, ಮನೆಯವರೆಲ್ಲ ನೆಲದ ಮೇಲೆ ಜೊತೆಗೆ ಕೂತು ಉಣ್ಣಿ, ಮಗುವಿಗೂ ತನ್ನದೇ ತಟ್ಟೆ ಕೊಡಿ. 20 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ಆಮೇಲೆ ಮಧ್ಯಾಹ್ನಕ್ಕೂ ಹೀಗೇ. ಎರಡು ಮೂರು ದಿನ ಕಡಿಮೆ ತಿಂದರೆ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ. ತೂಕ ಕಡಿಮೆ ಇರುವ ಮಗುವಾದರೆ ಮಾತ್ರ ಮಕ್ಕಳ ವೈದ್ಯರನ್ನು ಕೇಳಿ ಮಾಡಿ.

ಶಾಲೆಯ ಮಕ್ಕಳು, ಪಿಯು ಮಕ್ಕಳು

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಆಟ ಬೇಕು. ವಾರದಲ್ಲಿ ಮೂರು ದಿನವಾದರೂ ಏದುಸಿರು ಬರುವಷ್ಟು ಓಟ, ಮೂಳೆಗೆ ಕೆಲಸ ಕೊಡುವ ಜಿಗಿತ ಇರಬೇಕು. ಕುಂಟಾಬಿಲ್ಲೆ, ಲಗೋರಿ, ಹಗ್ಗದಾಟ, ಖೋಖೋ ಇವೆಲ್ಲದರಲ್ಲೂ ಜಿಗಿತ ಇದೆ, ಕೇರಂನಲ್ಲಿ ಇಲ್ಲ. ಮೂಳೆಯ ಸಾಂದ್ರತೆಯ ದೊಡ್ಡ ಪಾಲು ಸೇರುವುದು ಹದಿಹರೆಯದಲ್ಲೇ. ಐವತ್ತರ ನಂತರ ಕರಗುವ ಮೂಳೆಗೆ ಠೇವಣಿ ಇಡುವ ಕಾಲ ಅದು. ಆ ಮೂರು ನಾಲ್ಕು ವರ್ಷ ಟ್ಯೂಷನ್ನಿನ ಬೆಂಚಿನ ಮೇಲೆ ಹೋದರೆ ಠೇವಣಿ ಅಷ್ಟಕ್ಕೇ ನಿಲ್ಲುತ್ತದೆ.

ಕಣ್ಣಿನ ಮಾತೂ ಇದೆ. ದಿನಕ್ಕೆ ಎರಡು ಗಂಟೆಯಷ್ಟು ಬಯಲಿನ ಬೆಳಕಿನಲ್ಲಿ ಇರುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆ. ಒಳಾಂಗಣ ಆಟದಿಂದ ಈ ಲಾಭ ಇಲ್ಲ, ಹೊರಗಿನ ಬೆಳಕೇ ಬೇಕು.

ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ವರ್ಷದಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪಿ.ಇ. ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಸಂಜೆ ಕೋಚಿಂಗಿಗೆ ಹೋಗುತ್ತದೆ, ಸೈಕಲ್ ಗೋಡೆಗೆ ಒರಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆಡಿಕೊಳ್ಳಲಿ ಎನ್ನುವ ತಂದೆ ತಾಯಿಗೆ ಒಂದು ಮಾತು: ನಾಲ್ಕು ಗಂಟೆ ಅಲ್ಲಾಡದೆ ಕೂತ ಹುಡುಗ ನಾಲ್ಕು ಗಂಟೆ ಓದಿರುವುದಿಲ್ಲ. ಓದಿಗೇ ಅನುಕೂಲವಾಗುವ ಹಾಗೆ ಹೊತ್ತನ್ನು ಹೀಗೆ ಕತ್ತರಿಸಬಹುದು.

45 ನಿಮಿಷ ಕೂತು ಓದು, ಲೆಕ್ಕ ಮಾಡು. ಆಮೇಲೆ 5 ನಿಮಿಷ ಪುಸ್ತಕ ಮುಚ್ಚಿ, ಓದಿದ್ದನ್ನು ಜೋರಾಗಿ ಹೇಳಿಕೊಳ್ಳುತ್ತ ಟೆರೇಸಿನಲ್ಲೋ ಜಗಲಿಯಲ್ಲೋ ಅಡ್ಡಾಡು. ಸೂತ್ರ, ಇಸವಿ, ವ್ಯಾಖ್ಯೆ ಇವನ್ನು ನೆನಪಿನಿಂದ ಹೊರತೆಗೆಯಲು ಈ ಐದು ನಿಮಿಷ ಬಲು ಒಳ್ಳೆಯದು. ಸಂಜೆ ಒಂದು ಸಲ 10 ನಿಮಿಷ ಹಗ್ಗ ಜಿಗಿತ: 30 ಸೆಕೆಂಡು ಜಿಗಿದು 30 ಸೆಕೆಂಡು ನಿಲ್ಲುವುದು. ಬಿಡುವಿನಲ್ಲಿ ಫೋನು ಹಿಡಿದರೆ ಅದು ಬಿಡುವಲ್ಲ, ಅದೇ ಕೂರಾಟದ ಮುಂದುವರಿಕೆ. ಈ ಯೋಜನೆ ಕೆಡುವುದು ಬಹುಪಾಲು ಇಲ್ಲಿಯೇ. ಫೋನು ಬೇರೆ ಕೋಣೆಯಲ್ಲಿ ಇರಲಿ.

ದುಡಿಯುವ ವಯಸ್ಸು

ಕೂತು ದುಡಿಯುವವರು ಅಂದರೆ ಕಂಪ್ಯೂಟರಿನವರು ಮಾತ್ರ ಅಂದುಕೊಳ್ಳುತ್ತೇವೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ದಕ್ಷಿಣ ಕನ್ನಡದಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು, ಆಟೋ, ಬಸ್ಸು ಓಡಿಸುವವರು, ಗಲ್ಲಾದ ಮೇಲೆ ಕೂತ ಅಂಗಡಿಯವರು ಇವರೆಲ್ಲ ಕೂರುವುದು ಅದಕ್ಕಿಂತ ಕಡಿಮೆಯೇನಲ್ಲ. ಒಬ್ಬೊಬ್ಬರಿಗೆ ಒಂದೊಂದು ಉಪಾಯ.

ಕಚೇರಿಯವರಿಗೆ ಅಲಾರಂ ಕೆಲಸ ಮಾಡುವುದು ಮೂರು ದಿನ. ನಾಲ್ಕನೇ ದಿನ ಬೆರಳು ತಾನಾಗಿ ಅದನ್ನು ಆರಿಸಿಬಿಡುತ್ತದೆ. ಬದಲಿಗೆ ಏಳುವುದನ್ನು ಕೆಲಸಕ್ಕೇ ಕಟ್ಟಿ. ಒಂದು ಲೀಟರಿನ ಬಾಟಲಿ ಬಿಟ್ಟು 200 ಮಿಲಿಲೀಟರಿನ ಲೋಟ ಇಟ್ಟುಕೊಳ್ಳಿ. ಲೋಟ ಖಾಲಿಯಾದಾಗಲೆಲ್ಲ ಏಳಲೇಬೇಕು, ಕುಡಿದ ನೀರೂ ಎಬ್ಬಿಸುತ್ತದೆ. ಫೋನ್ ಕರೆ ಬಂದರೆ ನಿಂತು ನಡೆಯುತ್ತ ಮಾತಾಡಿ. ಹದಿನೈದು ಅಡಿ ದೂರದ ಸಹೋದ್ಯೋಗಿಗೆ ಮೆಸೇಜು ಹಾಕಬೇಡಿ. ಕಸದ ಬುಟ್ಟಿ, ಚಾರ್ಜರು ಕೈಗೆಟುಕದ ಕಡೆ ಇರಲಿ. ಮನೆಯಿಂದ ಕೆಲಸ ಮಾಡುವವರ ಚೀಟಿಯೇ ಸಾಮಾನ್ಯವಾಗಿ ಅತಿ ಕೆಟ್ಟದ್ದು, ಯಾಕೆಂದರೆ ಕ್ಯಾಂಟೀನು, ಪಾರ್ಕಿಂಗು, ಮೆಟ್ಟಿಲು ಯಾವುದೂ ಇಲ್ಲ, ಕಾಫಿ ಮೇಜಿಗೇ ಬರುತ್ತದೆ. ಕಾಫಿ ನೀವೇ ಮಾಡಿಕೊಳ್ಳಿ. ಮನೆಯವರಿಗೂ ಉಪಕಾರ.

ಹೊಲಿಗೆಯವರಿಗೆ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಇರುತ್ತದೆ, ಎರಡು ನಿಮಿಷ ಅಡ್ಡಾಡಿ ಎನ್ನುವುದು ಅವರ ಪಾಲಿಗೆ ತಮಾಷೆ. ಬಾಬಿನ್ ಬದಲಿಸುವುದು, ಬಂಡಲ್ ತೆಗೆದುಕೊಳ್ಳುವುದು ಇವನ್ನು ನಿಂತೇ ಮಾಡಿ. ಬಲಗಾಲು ಪೆಡಲಿನ ಮೇಲೆ ಒಂದೇ ಭಂಗಿಯಲ್ಲಿ ಸೆಟೆದಿರುತ್ತದೆ. ನಿಂತ ಆ ಅರ್ಧ ನಿಮಿಷದಲ್ಲಿ ತುದಿಗಾಲಲ್ಲಿ ಹತ್ತು ಸಲ ಎದ್ದಿಳಿದರೆ ಮೀನಖಂಡದ ಪಂಪು ಓಡುತ್ತದೆ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದಿರುವುದು ಮಾತ್ರ ಬೇಡವೇ ಬೇಡ. ಮೂತ್ರದ ಸೋಂಕು ಹತ್ತಿಕೊಳ್ಳುವುದು ಹಾಗೆಯೇ. ಬೀಡಿ ಕಟ್ಟುವವರು ಇಂತಿಷ್ಟು ಕಟ್ಟು ಮುಗಿದೊಡನೆ ಎದ್ದು ಅಂಗಳ ಸುತ್ತಿ ಬರುವ ನೇಮ ಇಟ್ಟುಕೊಳ್ಳಬಹುದು. ಬಾಗಿದ ಕುತ್ತಿಗೆಗೂ ಅದು ಬೇಕು.

ಚಾಲಕರು ಪ್ರತಿ ಟ್ರಿಪ್ಪಿನ ಕೊನೆಗೆ ಇಳಿಯಬೇಕು. ವಾಹನದ ಸುತ್ತ ನಾಲ್ಕು ಸುತ್ತು, 20 ಸಲ ತುದಿಗಾಲು. ಹಿಂದಿನ ಜೇಬಿನ ಪರ್ಸು ತೆಗೆದು ಮುಂದೆ ಇಡಿ. ದಪ್ಪ ಪರ್ಸಿನ ಮೇಲೆ ದಿನವಿಡೀ ಕೂತರೆ ಸೊಂಟ ಓರೆಯಾಗಿ, ಕುಂಡಿಯ ನರ ಒತ್ತಿ, ಕಾಲಿನವರೆಗೆ ಜೋಮು ಇಳಿಯುತ್ತದೆ.

ಕುರ್ಚಿಯ ವಿಷಯ ಚಿಕ್ಕದಾಗಿ: ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು. ಮೂವತ್ತು ಸಾವಿರದ ಕುರ್ಚಿ ತಂದರೂ ಏಳದಿದ್ದರೆ ಮೀನಖಂಡಕ್ಕೆ ಅದರ ಬೆಲೆ ತಿಳಿಯುವುದಿಲ್ಲ.

ನಿಂತು ಕೆಲಸ ಮಾಡುವ ಮೇಜು ತಂದು ದಿನವಿಡೀ ನಿಲ್ಲುವವರೂ ಇದ್ದಾರೆ. ಅಲ್ಲಾಡದೆ ನಿಂತರೂ ಪಂಪು ನಿಂತೇ ಇರುತ್ತದೆ. ಸೊಂಟ ನೋವು, ಕಾಲಿನ ಉಬ್ಬಿದ ರಕ್ತನಾಳ ಹೆಚ್ಚಾಗುತ್ತವೆ. ಹೋಟೆಲಿನ ಸಪ್ಲೈಯರುಗಳನ್ನೂ ಟ್ರಾಫಿಕ್ ಪೊಲೀಸರನ್ನೂ ಕೇಳಿ ನೋಡಿ. ಕುರ್ಚಿ ಬಿಟ್ಟರೆ ಸಾಲದು, ಹೆಜ್ಜೆ ಹಾಕಬೇಕು.

ಸೊಂಟದ ಸುತ್ತಳತೆ ನಾಲ್ಕು ವಾರಕ್ಕೊಮ್ಮೆ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈ ಮೇಲೆ, ಉಸಿರು ಬಿಟ್ಟಾಗ. ಪ್ಯಾಂಟಿನ ಅಳತೆ ನಂಬಬೇಡಿ, ಹೊಟ್ಟೆ ಅದರ ಮೇಲೆ ತೂಗುತ್ತಿರುತ್ತದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಅದು ದಾಟಿದ್ದರೆ ಊಟದ ನಂತರದ 10 ನಿಮಿಷದ ನಡಿಗೆ ಇನ್ನು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ.

ಬಾಣಂತನದಲ್ಲಿ

ನಲವತ್ತು ದಿನ ಕೋಣೆಯಲ್ಲಿ ಬೆಚ್ಚಗೆ ಮಲಗಿರಬೇಕು ಎಂಬ ಪದ್ಧತಿಯ ಹಿಂದೆ ವಿಶ್ರಾಂತಿಯ ಕಾಳಜಿ ಇದೆ, ಅದು ಬೇಕಾದದ್ದೇ. ಆದರೆ ಹೆರಿಗೆಯ ನಂತರದ ಆರು ವಾರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವ ಕಾಲವೂ ಹೌದು. ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ವೈದ್ಯರು ಹೇಳಿದ ದಿನದಿಂದಲೇ ಎದ್ದು ಕೋಣೆಯೊಳಗೆ ಅಡ್ಡಾಡಿ. ಮೊದಲ ವಾರ ಪ್ರತಿ ಸಲ ಹಾಲೂಡಿಸಿದ ಮೇಲೆ ಎರಡು ಮೂರು ನಿಮಿಷ ಸಾಕು. ಮಲಗಿದ್ದಾಗ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ 20 ಸಲ ಆಡಿಸಿ. ನೀರು ಕಡಿಮೆ ಕುಡಿಸುವ ಮನೆಗಳಲ್ಲಿ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಅದನ್ನು ಹಿರಿಯರಿಗೆ ನಯವಾಗಿ, ಬೇಕಿದ್ದರೆ ವೈದ್ಯರ ಬಾಯಿಂದಲೇ ಹೇಳಿಸಿ.

ಅರವತ್ತು ದಾಟಿದವರು

"ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ." ಇದು ಅಕ್ಕರೆಯ ಮಾತು, ಆದರೆ ಸ್ನಾಯು ಕರಗಿಸುವ ಮಾತೂ ಹೌದು. ಅತ್ತೆಯ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡು, ಕೊನೆಗೆ ಉಳಿಯುವುದು ಧಾರಾವಾಹಿ ಮತ್ತು ಕುರ್ಚಿ. ವಯಸ್ಸಾದವರ ಕಾಲಿನ ಸ್ನಾಯು ಎಷ್ಟು ಬೇಗ ಹೋಗುತ್ತದೆ ಎಂಬುದಕ್ಕೆ 2007ರ ಒಂದು ಪ್ರಯೋಗ ಇದೆ: ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲುಗಳಿಂದ ಸುಮಾರು ಒಂದು ಕಿಲೋ ಕೊಬ್ಬಿಲ್ಲದ ಮಾಂಸ ಹೋಗಿತ್ತು. ವೈರಲ್ ಜ್ವರ ಬಂದು ಹತ್ತು ದಿನ ಮಲಗಿದ ಅಜ್ಜ ಆಮೇಲೆ ಮೊದಲಿನಂತೆ ನಡೆಯದೆ ಇರುವುದಕ್ಕೆ ಜ್ವರಕ್ಕಿಂತ ಹಾಸಿಗೆಯೇ ಹೆಚ್ಚು ಕಾರಣ.

ಕಾಲಿನ ಬಲ ಅಳೆಯಲು ಒಂದು ಕುರ್ಚಿ, ಒಂದು ಗಡಿಯಾರ ಸಾಕು.

ಕೈಗಳಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಸೀಟಿನ ಮಧ್ಯದಲ್ಲಿ ಕೂತು, ಪಾದ ನೆಲಕ್ಕೂರಿ, ಬಲಗೈ ಎಡ ಭುಜಕ್ಕೆ, ಎಡಗೈ ಬಲ ಭುಜಕ್ಕೆ. 30 ಸೆಕೆಂಡಿನಲ್ಲಿ ಪೂರ್ತಿ ಎದ್ದು ನಿಂತು ಕೂರುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಕೈ ಊರಿದರೆ ಅಂಕ ಸೊನ್ನೆ. 60ರಿಂದ 64ರ ಗಂಡಸರು 14, ಹೆಂಗಸರು 12 ಸಲ ಮಾಡಬೇಕು. 65ರಿಂದ 69ಕ್ಕೆ 12 ಮತ್ತು 11. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು.

ಪರೀಕ್ಷೆಯೇ ಔಷಧವೂ ಹೌದು. ಏಳಲು ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರಿಸಿ. ಬೆಳಿಗ್ಗೆ 5, ಸಂಜೆ 5 ಸಲದಿಂದ ಶುರು. ಏಳುವುದು ಹೇಗಾದರೂ ಇರಲಿ, ಕೂರುವಾಗ ಒಂದು, ಎರಡು, ಮೂರು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಧೊಪ್ಪನೆ ಬಿದ್ದರೆ ಬೆನ್ನುಮೂಳೆಗೆ ಪೆಟ್ಟು, ಸ್ನಾಯುವಿಗೆ ಅರ್ಧ ಲಾಭ. ವಾರಕ್ಕೆ ಎರಡೆರಡು ಹೆಚ್ಚಿಸಿ, 12 ಸಲ ಸಲೀಸಾದಾಗ ದಿಂಬು ತೆಗೆಯಿರಿ. ಇದರ ಜೊತೆ ಅಡುಗೆಮನೆಯ ಕಟ್ಟೆ ಹಿಡಿದು ತುದಿಗಾಲು 10, ಒಂಟಿ ಕಾಲಲ್ಲಿ ನಿಲ್ಲುವುದು ಹತ್ತು ಸೆಕೆಂಡು. 65 ದಾಟಿದವರಿಗೆ ಇಂಥ ಸಮತೋಲ ಮತ್ತು ಬಲದ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಬೇಕು. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಇರಬೇಕು. ಬರೀ ಮುದ್ದೆ ತಿಳಿಸಾರಿನಲ್ಲಿ ಸ್ನಾಯು ಕಟ್ಟುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಎಷ್ಟೆಂದು ವೈದ್ಯರನ್ನೇ ಕೇಳಬೇಕು.

ಮನೆಯವರು ಕೆಲಸ ಹಿಂದಕ್ಕೆ ಕೊಡಲಿ: ಹೂ ಬಿಡಿಸುವುದು, ತುಳಸಿಗೆ ನೀರು, ಒಣಗಿದ ಬಟ್ಟೆ ತರುವುದು, ನಿಂತು ತರಕಾರಿ ಹೆಚ್ಚುವುದು. ನೆಲದ ಮೇಲೆ ಚಕ್ಕಳಮಕ್ಕಳ ಕೂತೇಳುವ ಅಭ್ಯಾಸ ಇನ್ನೂ ಇರುವವರು ಅದನ್ನು ಬಿಡಬೇಡಿ. ತಾಂಜಾನಿಯಾದಲ್ಲಿ ಬೇಟೆಯಾಡಿ ಬದುಕುವ ಹಾಡ್ಜಾ ಜನ ದಿನಕ್ಕೆ ಸುಮಾರು ಹತ್ತು ಗಂಟೆ ವಿಶ್ರಾಂತಿಯಲ್ಲಿ ಇರುತ್ತಾರೆ, ಆದರೆ ಕುಕ್ಕರಗಾಲಲ್ಲಿ, ಮಂಡಿಯೂರಿ ಕೂರುವುದರಿಂದ ಕಾಲಿನ ಸ್ನಾಯು ಎಚ್ಚರವಾಗಿರುತ್ತದೆ ಎಂದು 2020ರಲ್ಲಿ ಸಂಶೋಧಕರು ತೋರಿಸಿದರು. ನಮ್ಮ ಮಣೆ, ನಮ್ಮ ಹಳೆಯ ಶೌಚಾಲಯ ಆ ಕೆಲಸ ತಾವಾಗಿ ಮಾಡಿಸುತ್ತಿದ್ದವು. ಮಂಡಿ ಸವೆದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ಎತ್ತರದ ಕುರ್ಚಿಯೇ ಸರಿ.

ಎದ್ದ ಕೂಡಲೇ ಕಣ್ಣು ಕತ್ತಲೆ ಬರುವವರಲ್ಲಿ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರನೇ ನಿಮಿಷಕ್ಕೆ ಬಿಪಿ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಯ ಪ್ರಮಾಣ ಮರುನೋಡಬೇಕೆಂದು ವೈದ್ಯರಿಗೆ ತಿಳಿಸಿ. ಅಲ್ಲಿಯವರೆಗೆ ಏಳುವ ಮುಂಚೆ ಪಾದ 10 ಸಲ ಆಡಿಸಿ, ಎದ್ದು ಕುರ್ಚಿ ಹಿಡಿದು ಹತ್ತು ಎಣಿಸಿ, ಆಮೇಲೆ ಹೆಜ್ಜೆ.

ಜಾಗ್ರತೆ

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹೊಸದಾಗಿ ನಡಿಗೆ ಹೆಚ್ಚಿಸಿದಾಗ ಸಕ್ಕರೆ ತೀರ ಇಳಿಯಬಹುದು: ನಡುಕ, ತಣ್ಣನೆ ಬೆವರು, ಮಂಕು. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ನಡೆಯಬಾರದು.

ನಾಲ್ಕು ಗಂಟೆಗಿಂತ ಉದ್ದದ ಬಸ್ಸು, ರೈಲು, ವಿಮಾನ ಪ್ರಯಾಣದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಗಂಟೆಗೊಮ್ಮೆ ಪಾದ ಆಡಿಸಿ, ಬಸ್ಸು ಊಟಕ್ಕೆ ನಿಂತಾಗ ನಿದ್ದೆ ಬಂದರೂ ಇಳಿಯಿರಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ ಬಿಸಿಯಾಗಿದ್ದರೆ ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅದರ ಜೊತೆ ಉಸಿರುಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ತಿಂಗಳ ನಂತರ

ಅದೇ ಚೀಟಿಯನ್ನು ಮತ್ತೆ ಎರಡು ದಿನ ತುಂಬಿ. ಹದಿಮೂರೂವರೆ ಗಂಟೆ ಹನ್ನೆರಡಕ್ಕೆ ಇಳಿದಿದ್ದರೆ ಚೆನ್ನಾಗಿಯೇ ಆಗಿದೆ. ಕ್ಯಾಬಿನ ಹೊತ್ತು ಬಿಟ್ಟು, ಮೂರು ಗಂಟೆಯಿದ್ದ ಉದ್ದದ ಸಾಲು ಮುಕ್ಕಾಲು ಗಂಟೆಗೆ ಬಂದಿರಬೇಕು. ತೂಕದ ಯಂತ್ರ ಹತ್ತಿ ಬೇಸರ ಪಡಬೇಡಿ: ಎರಡು ನಿಮಿಷದ ನಡಿಗೆಗೆ ಸುಡುವ ಕ್ಯಾಲೊರಿ ಒಂದು ಬಿಸ್ಕತ್ತಿಗೂ ಸಾಲದು, ತೂಕ ಇಳಿಸುವುದು ಅದರ ಕೆಲಸವೂ ಅಲ್ಲ. ನೋಡಬೇಕಾದದ್ದು ಊಟವಾಗಿ ಎರಡು ಗಂಟೆಯ ನಂತರದ ಸಕ್ಕರೆ, ಸಂಜೆ ಸಾಕ್ಸಿನ ಗುರುತು ಎಷ್ಟು ಆಳ ಎಂಬುದು, ಹಿರಿಯರಿದ್ದರೆ ಕುರ್ಚಿಯ ಎಣಿಕೆ. ಎಣಿಕೆ ಎರಡು ಹೆಚ್ಚಿದ್ದರೆ ದಿಂಬಿನ ಜಾಗಕ್ಕೆ ಮಡಚಿದ ಒಂದು ಟವೆಲ್ಲು ಇಡಿ.